ತುಕ್ಕಿನ ಗೆರೆ

ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನನ್ನ ತಂಗಿಯ ಕೈ. ಅದು ಜಾರಿ ಬಿದ್ದು ಮುರಿದದ್ದಲ್ಲ ಕಣೇ, ಆಸ್ಪತ್ರೆಯಲ್ಲಿ ಹಾಗೆ ಬರೆಸಿದ್ದಾಳೆ ಅಷ್ಟೆ. ನೀನು ಸರಿಯಾಗಿ ಬರ್ಕೊ.

ನಿನ್ನ ಚಿಕ್ಕಜ್ಜಿ ಕೆರೆಯ ದಡ ಅಳೆಯುವವಳು. ದಡದ ತುದಿಯಿಂದ ಇಪ್ಪತ್ತು ಹೆಜ್ಜೆ ಹಿಂದೆ, ನೆಲದ ಕಡೆಗೆ, ಐದು ಕಬ್ಬಿಣದ ಗೂಟ ಹೊಡೆದಿದ್ದಳು. ಪ್ರತಿ ತಿಂಗಳ ಮೊದಲ ದಿನ ಗೂಟದಿಂದ ದಡದ ತುದಿಗೆ ಟೇಪು ಎಳೆದು ಬರೆದುಕೊಳ್ಳುವುದು. ಅಳತೆ ಎಷ್ಟು ಕಮ್ಮಿಯೋ ಅಷ್ಟು ನೆಲ ನೀರುಪಾಲು. ಸಣ್ಣವಳಿದ್ದಾಗಲೂ ಹಾಗೇ, ನನ್ನ ಜಡೆ ಅಳೆದು ಗೋಡೆ ಮೇಲೆ ಗೀಚುತ್ತಿದ್ದಳು, ಅಮ್ಮನಿಂದ ಏಟು ನನಗೆ. ಇರಲಿ.

ಮರಳು ದೋಣಿಯವನು ದಡದ ಬುಡಕ್ಕೇ ಯಂತ್ರ ಹಾಕಿ ಮರಳು ಹೀರತೊಡಗಿದ ಮೇಲೆ ನೆಲ ಹೋಳುಹೋಳಾಗಿ ಕುಸಿಯಿತು. ಜೊಂಡು ಬೇರುಸಮೇತ ಕಿತ್ತುಹೋಯಿತು. ನೀರುಕೋಳಿಗಳ ಗೂಡು ಮೊಟ್ಟೆಸಮೇತ ಮುಳುಗಿದವು. ಹನ್ನೆರಡು ತಿಂಗಳ ಅಳತೆ ಒಂದೂ ತಪ್ಪದೆ ತಂದರೆ ಯಂತ್ರ ನಿಲ್ಲಿಸುತ್ತೇವೆ ಎಂದಿದ್ದರು ಕಚೇರಿಯವರು. ಹನ್ನೊಂದು ಆಗಿತ್ತು.

ನಿನ್ನೆ ಸುಮ್ಮನೆ ನೋಡಿಬರಲು ಹೋದವಳಿಗೆ ಗೂಟಗಳ ಮೇಲೆ ಕಣ್ಣು ಬಿತ್ತು. ಗಾಳಿಗಿದ್ದ ಭಾಗ ಕೆಂಪು ತುಕ್ಕು, ಮಣ್ಣೊಳಗಿದ್ದದ್ದು ಕಪ್ಪು. ಆ ಕಪ್ಪು ಈಗ ಗೇಣುದ್ದ ಮೇಲೆ ಕಾಣುತ್ತಿತ್ತು. ಯಾರೋ ಐದನ್ನೂ ಕಿತ್ತು ಹಿಂದಕ್ಕೆ ನೆಟ್ಟಿದ್ದರು, ದಡ ಸವೆದೇ ಇಲ್ಲ ಎನ್ನುವ ಹಾಗೆ. ಇವಳು ಮನೆಯಿಂದ ಸುತ್ತಿಗೆ ತಂದು, ಹಳೆಯ ತೂತು ಹುಡುಕಿ ನಾಲ್ಕನ್ನು ವಾಪಸು ಹೊಡೆದಳು. ಐದನೆಯದು ಕೈಯಲ್ಲಿರುವಾಗ ಆ ದೋಣಿಯವನು ಬಂದ.

"ಏನಕ್ಕಾ, ಗೂಟ ಕೀಳ್ತಿದ್ದೀಯಾ?"

"ನಿಂಗೆ ಕದ್ದು ನೆಡೋಕೂ ಬರಲ್ವಲ್ಲೋ. ಪೂರ್ತಿ ಹೊಡಿಯೋಕೆ ತೋಳಲ್ಲಿ ಶಕ್ತಿ ಇರ್ಲಿಲ್ವಾ?"

ಅವನು ಸುತ್ತಿಗೆ ಕಿತ್ತುಕೊಂಡು ಅವಳ ಮಣಿಕಟ್ಟಿಗೇ ಇಳಿಸಿದ. ಮೂಳೆ ಲಟಕ್ಕೆಂದಿತು. ಇವಳು ಇನ್ನೊಂದು ಕೈಯಿಂದ ಗೂಟ ಬೀಸಿ ಅವನ ಮೊಣಕಾಲು ಒಡೆದಳು. ಅವನು ಅವಳ ಕತ್ತು ಹಿಸುಕಿದ, ಇವಳು ಅವನ ಕಿವಿ ಕಚ್ಚಿದಳು. ಐದನೆಯ ತೂತಿನ ಹತ್ತಿರದವರೆಗೂ ಸವೆದಿದ್ದ, ಅವನೇ ಟೊಳ್ಳು ಮಾಡಿದ್ದ ದಡ, ಇಬ್ಬರ ಭಾರಕ್ಕೆ ಆ ತೂತುಸಮೇತ ಮುರಿದು ನೀರಿಗೆ ಬಿತ್ತು. ಇವಳು ಅಳಿದುಳಿದ ಜೊಂಡು ಹಿಡಿದು ಮೇಲೆ ಬಂದಳು. ಅವನು ಎದೆಮಟ್ಟ ಕೆಸರಲ್ಲಿ.

"ಅಕ್ಕಾ, ಕೈ ಕೊಡು."

"ಇರೋ ಒಂದನ್ನೂ ಕೇಳ್ತೀಯಲ್ಲೋ."

ಆದರೂ ಅಂಗಿ ಹಿಡಿದು ಎಳೆದಳು. ಎಳೆದ ಮೇಲೆ ದಡದಲ್ಲಿ ಬಿದ್ದಿದ್ದ ಆ ಗೂಟದಿಂದಲೇ ಎರಡು ಹಲ್ಲು ಉದುರಿಸಿದಳು, ಸುಳ್ಳು ಯಾಕೆ ಹೇಳಲಿ. ಅವನೂ ಜಾರಿ ಬಿದ್ದೆ ಅಂತಲೇ ಬರೆಸಿದ್ದಾನಂತೆ.

ಸಾಕು, ಪೆನ್ನು ಇಡು. ಇವತ್ತೇ ಒಂದನೇ ತಾರೀಕು, ಹನ್ನೆರಡನೆಯ ಅಳತೆ. ಬೆಳಕಿರುವಾಗಲೇ ಟೇಪು ತಗೊಂಡು ಹೋಗಿ ಉಳಿದ ನಾಲ್ಕು ಗೂಟದಿಂದ ಅಳೆದು ಬಾ. ತುದಿಗೆ ಹೋಗಿ ನಿಲ್ಲಬೇಡ, ಬೋರಲು ಮಲಗಿ ಕೈ ಚಾಚು.