ದೊಡ್ಡಪ್ಪನ ಕಾಂಕ್ರೀಟಿನ ಕೆಳಗೆ

'ಆಗೂದಿಲ್ಲ' ಎಂದವರು ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಪ್ಪ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ, ನಾನು ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಜಾಗ ಕೊಟ್ಟಿರುವ ದೊಡ್ಡಪ್ಪ.

"ಈ ಕಾಂಕ್ರೀಟ್ ದಾಟಿ ನಿನ್ನ ವೈರ್ ಹೋಗೂದಿಲ್ಲ. ನಿನ್ನ ತಂಗಿ ಪರೀಕ್ಷಾ ಬರಿಯೂದಿಲ್ಲ. ಹಾವೇರಿಯವರಿಗೆ ಹೂಂ ಅಂದುಬಿಡೂಣು."

ಕಂಪ್ಯೂಟರ್ ವೈರಿಗೂ ತಂಗಿಯ ಮದುವೆಗೂ ಏನು ಸಂಬಂಧ? ಇದೆ.

ಕ್ಲಾಸಿನ ಮುಖ್ಯ ಕಂಪ್ಯೂಟರ್ ಇರುವುದು ಮುಂದಿನ ಕೋಣೆಯಲ್ಲಿ. ಹುಡುಗಿಯರು ಕಲಿಯುವುದು ಅಂಗಳದಾಚೆಯ ಕೋಣೆಯಲ್ಲಿ. (ವ್ಯಾಪಾರಿಗಳು ಓಡಾಡುವ ಕಡೆ ನಮ್ಮ ಹುಡುಗಿಯರನ್ನು ಕೂಡಿಸಬೇಡಿ ಎಂದು ತಾಯಂದಿರ ಕರಾರು.) ಎರಡೂ ಕೋಣೆಗೆ ನೆಟ್‌ವರ್ಕ್ ಇದ್ದರೆ ಮಾತ್ರ ಪರೀಕ್ಷೆ ಎಂದರು ಹುಬ್ಬಳ್ಳಿಯ ಪರೀಕ್ಷಕರು. ಆಚೆಯ ಕೋಣೆಯಲ್ಲಿ ನನ್ನ ತಂಗಿ ಗಿರಿಜಾ ಇದ್ದಾಳೆ. ಸರ್ಟಿಫಿಕೇಟ್ ಬಂದರೆ ಓದು ಮುಂದುವರಿಯುತ್ತದೆ. ಬರದಿದ್ದರೆ ಹಾವೇರಿಯ ವರ.

ನಡುವೆ, ಗೇಟಿನಿಂದ ಗೋದಾಮಿನವರೆಗೆ, ಹೊಸ ಕಾಂಕ್ರೀಟ್ ಹಾದಿ. ಲಾರಿ ಬಂದಾಗ ಲಾರಿಗೆ, ಬರದಿದ್ದಾಗ ಮೆಣಸಿನಕಾಯಿ ಒಣಗಿಸಲಿಕ್ಕೆ. ಒಡೆಯುವ ಮಾತೆತ್ತಿದರೆ ದೊಡ್ಡಪ್ಪ ನನ್ನನ್ನೇ ಒಣಹಾಕಿಯಾರು!

ಮೊದಲು ವೈರನ್ನು ಹಾದಿಯ ಮೇಲಿಂದ, ಮಾಳಿಗೆಯಿಂದ ಮಾಳಿಗೆಗೆ ಎಳೆದೆ. ಚೆಂದವಾಗಿಯೇ ಕಾಣುತ್ತಿತ್ತು. ಮರುದಿನ ಚೀಲಗಳನ್ನು ಮಾಳಿಗೆಯೆತ್ತರ ಹೇರಿಕೊಂಡು ಲಾರಿ ಹೊರಟಿತು. ವೈರು ಅದರ ಸಂಗಡ ಮಾರ್ಕೆಟ್ಟಿಗೆ ಹೋಯಿತು.

"ನಿನ್ನ ಬಿ.ಎಸ್ಸಿ. ಹೊಂಟೈತಿ ನೋಡವಾ, ಲಗೂ ಹಿಡಕೋ!" ದೊಡ್ಡಪ್ಪ ನಕ್ಕಿದ್ದೇ ನಕ್ಕಿದ್ದು.

ನಗಲಿ ಬಿಡಿ. ನಮ್ಮ ಇಡೀ ಮನೆತನಕ್ಕೆ ಇರುವುದೇ ಒಂದು ಬಿ.ಎಸ್ಸಿ. ನಮ್ಮೂರು ಮೇಡ್ಲೇರಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಸಂಪಾದಿಸಿದ್ದು. ಲಾರಿ ಒಯ್ಯುವಂಥದ್ದಲ್ಲ.

ಮೇಡ್ಲೇರಿಯಲ್ಲಿ ಹೊಳೆಯ ನೀರನ್ನು ರಸ್ತೆಯಾಚೆಯ ಹೊಲಕ್ಕೆ ಒಯ್ಯಲು ನಾವೇನು ರಸ್ತೆ ಅಗೆಯುತ್ತೇವೆಯೇ? ಎರಡೂ ಬದಿಗೆ ಗುಂಡಿ ತೋಡಿ, ಕಬ್ಬಿಣದ ಪೈಪಿಗೆ ಪಂಪಿನ ನೀರು ಬಿಟ್ಟು, ಅಡಿಯಿಂದ ನೂಕುತ್ತೇವೆ. ನೀರು ಮಣ್ಣು ಕೊರೆಯುತ್ತದೆ, ಪೈಪು ಸರಿಯುತ್ತದೆ. ಹೊಲಕ್ಕೆ ಆಗುವುದು ಕಂಪ್ಯೂಟರಿಗೆ ಯಾಕಾಗಬಾರದು?

ಭಾನುವಾರ ಹುಡುಗಿಯರು ಸೀನುತ್ತ ಮೆಣಸಿನಕಾಯಿ ಬಳಿದು ಚೀಲಕ್ಕೆ ತುಂಬಿದರು. (ಒಂದು ಕಾಯಿ ತೋಯ್ದಿದ್ದರೂ ಕ್ಲಾಸೇ ಖಾಲಿ ಮಾಡಬೇಕಿತ್ತು.) ಸೆರಗು, ಓಢಣಿ ಬಿಗಿದು ಗುಂಡಿ ತೋಡಿದೆವು. ಪೈಪು ಅರ್ಧಕ್ಕೆ ಕಲ್ಲಿಗೆ ಬಡಿದು ನಿಂತಿತು. ಹೊರಗೆಳೆದು, ಇನ್ನೂ ಆಳದಿಂದ ನೂಕಿದೆವು.

"ಅಕ್ಕಾ, ನೀರು ಬಂತು! ತಡಿ, ತಡಿ, ಪೈಪೂ ಬಂತು!" ಆಚೆಯ ಗುಂಡಿಯಲ್ಲಿ ಗಿರಿಜಾ ಕುಣಿಯುತ್ತಿದ್ದಳು. ಮುಖವೆಲ್ಲ ಕೆಸರು.

ಪೈಪಿನ ನೀರು ಬಸಿದು, ಕೇಬಲ್ ಎಳೆದು, ಎರಡೂ ಬಾಯಿಗೆ ಡಾಂಬರು ಮೆತ್ತಲು ಹೋದೆ. ದೊಡ್ಡಪ್ಪ ಕಾಂಕ್ರೀಟಿನುದ್ದಕ್ಕೂ ಕಾಲು ಬಡಿಯುತ್ತ ಬಿರುಕು ಹುಡುಕಿದರು. ಸಿಗಲಿಲ್ಲ. ಆಮೇಲೆ ಮೆತ್ತಗೆ ಕೇಳಿದರು, "ಅದರಾಗ ಇನ್ನೂ ಜಾಗಾ ಐತೇನು? ನಮ್ಮ ಟಿವಿ ಕೇಬಲ್ಲೂ ಹಾಕಿಬಿಡು."

ಹಾಕಿದೆ. ಸೋತವರಿಗೆ ಅಷ್ಟಾದರೂ ಮಾಡಬೇಡವೇ?

ಹುಡುಗಿಯರೆಲ್ಲ ಪರೀಕ್ಷೆ ಬರೆದರು. ಮೊನ್ನೆ ಗಿರಿಜಾಳ ಸರ್ಟಿಫಿಕೇಟನ್ನು ನಾನೇ ಅವಳ ಕೈಗಿತ್ತೆ. ಅವಳು ಅದನ್ನು ಅವ್ವನಿಗೆ ಕೊಟ್ಟಳು. ಓದಲು ಬಾರದ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡಪ್ಪನ ಕಡೆ ತಿರುಗಿದಳು.

"ಭಾವಾರ, ಇನ್ನ ಗಿರಿಜಾನ್ನ ನೋಡಾಕ ಬರೋರಿಗೆ ಹೇಳಿಬಿಡ್ರಿ. ಮೊದಲ ಹುಡುಗನ ಸರ್ಟಿಫಿಕೇಟ್ ತೋರಸ್ರಿ ಅಂತ."