ನಫೀಸಾ ಟೀಚರನ್ನು ದೂಡಿದ್ದು

ನಫೀಸಾ ಟೀಚರ್ ಶಾಲೆಯ ವರಾಂಡದಲ್ಲಿ ಬರುವಾಗ ಮೊದಲು ಅವರ ನಗು ಬರುತ್ತಿತ್ತು, ಆಮೇಲೆ ಅವರು. ದೊಡ್ಡ ಶರೀರ. ನಾವು ಹಿಂದಿನಿಂದ ಕಿಸಕ್ಕೆನ್ನುವ ಮೊದಲೇ ತಮ್ಮನ್ನು ತಾವೇ ತಮಾಷೆ ಮಾಡಿಕೊಂಡು ನಮ್ಮ ಬಾಯಿ ಮುಚ್ಚಿಸುತ್ತಿದ್ದರು. ಶಿರಿಯದಿಂದ ಬಸ್ಸಿನಲ್ಲಿ ಬಂದು ಒಂಬತ್ತನೇ ಕ್ಲಾಸಿಗೆ ಫಿಸಿಕ್ಸ್ ಕಲಿಸುತ್ತಿದ್ದರು. ಮನೆಯಲ್ಲಿ ಬ್ಯಾರಿ, ಸ್ಟಾಫ್ ರೂಮಿನಲ್ಲಿ ಮಲಯಾಳ, ನಮ್ಮ ಹತ್ತಿರ ಕನ್ನಡ; ಬೈಯುವುದು ಮಾತ್ರ ತುಳುವಿನಲ್ಲಿ.

ನ್ಯೂಟನ್ನನ ಎರಡನೇ ನಿಯಮ ಯಾರ ತಲೆಗೂ ಹೋಗದಿದ್ದಾಗ ಕಂಪ್ಯೂಟರ್ ಲ್ಯಾಬಿನಿಂದ ಚಕ್ರದ ಕುರ್ಚಿ ತರಿಸಿದರು. ಸಣಕಲು ಸುಮತಿಯನ್ನು ಕೂರಿಸಿ ನನ್ನಿಂದ ದೂಡಿಸಿದರು. ಕುರ್ಚಿ ಗೋಡೆಯವರೆಗೆ ಓಡಿತು. ಆಮೇಲೆ ತಾವೇ ಕೂತರು. "ಹಾಂ, ಈಗ ದೂಡು. ಅಷ್ಟೇ ಬಲ, ಹೆಚ್ಚು ಬೇಡ."

ಕುರ್ಚಿ ಒಂದು ಗೇಣು ಹೋಯಿತು. ಕ್ಲಾಸಿಡೀ ನಕ್ಕಿತು, ಅವರು ಎಲ್ಲರಿಗಿಂತ ಜೋರಾಗಿ.

"ಬಲ ಅದೇ. ವೇಗೋತ್ಕರ್ಷ ಕಡಿಮೆಯಾಯ್ತು. ಎಂತ ಹೆಚ್ಚಾದದ್ದು?"

"ದ್ರವ್ಯರಾಶಿ!" ನಾನೇ ಮೊದಲು ಕೂಗಿದೆ.

ಊಹೆ ಮಾಡಿ ಉತ್ತರ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. "ನನಗೆ ಖುಷಿಯಾಗ್ಲಿ ಅಂತ ಹೇಳ್ಬೇಡ ಮಾರಾಯ್ತಿ. ಲೆಕ್ಕ ಎಂತ ಹೇಳ್ತದೆ, ಅದನ್ನು ಹೇಳು."

ಎಷ್ಟೋ ವರ್ಷದ ಮೇಲೆ ಮಂಗಳೂರಿನ ಆಸ್ಪತ್ರೆಗೆ ಅವರನ್ನು ನೋಡಲು ಹೋದೆ. ಬಾಗಿಲಲ್ಲೇ ಅವರ ತಮ್ಮ ತಡೆದರು. "ಕ್ಯಾನ್ಸರ್ ಅಂತ ಅಕ್ಕನಿಗೆ ಗೊತ್ತಿಲ್ಲ. ಅಲ್ಸರ್ ಅಂತ ಹೇಳಿದ್ದೇವೆ. ನೀವೂ ಗುಣ ಆಗ್ತಾ ಉಂಟು ಅಂತಲೇ ಹೇಳಿ." ನಾನು ತಲೆಯಾಡಿಸಿದೆ.

ಒಳಗೆ ಹೋಗಿ, "ಟೀಚರ್, ಮುಖದಲ್ಲಿ ಕಳೆ ಬಂದಿದೆ" ಎಂದೆ. ಅವರು ಸುಮ್ಮನೆ ನಕ್ಕರು. ಹೊರಗೆ ಗಾಳಿಗೆ ಕರಕೊಂಡು ಹೋಗು ಎಂದರು. ಗಾಲಿಕುರ್ಚಿಯಲ್ಲಿ ಕೂರಿಸಿ, ನನ್ನ ನೆನಪಿನ ಟೀಚರನ್ನೇ ದೂಡುವ ಹಾಗೆ ಕಾಲು ಊರಿ ದೂಡಿಬಿಟ್ಟೆ. ಅಯ್ಯೋ, ಕುರ್ಚಿ ಚಂಗನೆ ಮುಂದೆ ಹಾರಿತು! ಓಡಿ ಹಿಡಿದೆ.

ಟೀಚರ್ ತಿರುಗಿ ನೋಡಲಿಲ್ಲ. "ಬಲ ಅದೇ," ಎಂದರು. "ವೇಗೋತ್ಕರ್ಷ ಹೆಚ್ಚಾಯ್ತು. ಎಂತ ಕಡಿಮೆಯಾದದ್ದು?"

ನಾನು ಬಗ್ಗಿ ಅವರ ಕಾಲ ಮೇಲಿನ ಹೊದಿಕೆ ಸರಿ ಮಾಡತೊಡಗಿದೆ.

"ಗೊತ್ತುಂಟಲ್ಲ ನಿನಗೆ. ಹೇಳು."

"ದ್ರವ್ಯರಾಶಿ, ಟೀಚರ್." ಅಳು ಬಂತು.

"ಸರಿ." ಎಂದರು. "ತಮ್ಮನಿಗೆ ಹೇಳ್ಬೇಡ ಆಯ್ತಾ? ನಾನು ಅಲ್ಸರ್ ಅಂತ ನಂಬಿದ್ದೇನೆ ಅಂತ ಅವನಿಗೊಂದು ಸಮಾಧಾನ ಉಂಟು, ಪಾಪ."

ನಾನವರನ್ನು ನೋಡಿದ್ದು ಅದೇ ಕೊನೆ. ವಾರ್ಡಿಗೆ ವಾಪಸು ಹೋಗುವಾಗ ಕುರ್ಚಿಯನ್ನು ಬೆರಳ ತುದಿಯಿಂದ ದೂಡಿದೆ. ಅಷ್ಟು ಸಾಕಾಗುತ್ತಿತ್ತು.