ಚಿಕ್ಕಮ್ಮನ ಹಲ್ಲಿಗೆ ಕಲಾಯಿ

ಮದುವೆಯ ವಿಡಿಯೋ ಕ್ಯಾಸೆಟ್ಟು ಬಂತೆಂದರೆ ಇಡೀ ಬೀದಿಯೇ ಒಂದು ಮನೆಯಲ್ಲಿ ಕೂತು ನೋಡುತ್ತಿದ್ದ ಕಾಲ ಅದು. ತೊಂಬತ್ತರ ದಶಕದ ಕೊನೆ. ಶಾಲೆಗೆ ರಜ ಸಿಕ್ಕರೆ ನಾನು ತುಮಕೂರಿನಿಂದ ಗುಬ್ಬಿಯ ಅಜ್ಜಿ ಮನೆಗೆ ಓಡುತ್ತಿದ್ದೆ. ಅಲ್ಲಿ ಅಮ್ಮನ ತಂಗಿ ಸರೋಜ ಚಿಕ್ಕಮ್ಮ ಇದ್ದಳು. ಕುಂಟೆಬಿಲ್ಲೆ ಆಟದಲ್ಲಿ ಮಕ್ಕಳಾದ ನಮಗೇ ಮೋಸ ಮಾಡಿ, ಸಿಕ್ಕಿಬಿದ್ದರೆ ಬಾಯಿ ತುಂಬ ನಗುತ್ತಿದ್ದಳು. ಆ ನಗು ಎದುರುಮನೆಗೂ ಕೇಳುತ್ತಿತ್ತು.

ಆ ವರ್ಷ ದಸರಾ ರಜದಲ್ಲಿ ಮಾವನ ಮದುವೆಯ ಕ್ಯಾಸೆಟ್ಟು ಬಂತು. ನೋಡುತ್ತಿದ್ದಂತೆ ಚಿಕ್ಕಮ್ಮನ ನಗುಮುಖ ಟೀವಿ ತುಂಬ ನಿಂತಿತು. ವಿಡಿಯೋದವರ ಲೈಟಿಗೆ ಹಲ್ಲು ಹಳದಿಯಾಗಿ ಕಂಡವು.

"ಸರೋಜಿ ಹಲ್ಲಿಗೂ ಅರಿಶಿನ ಶಾಸ್ತ್ರ ಮಾಡವ್ರೆ!" ಎಂದರು ಪಕ್ಕದ ಮನೆಯಾಕೆ. ಎಲ್ಲರೂ ಹೋ ಎಂದು ನಕ್ಕರು. ಚಿಕ್ಕಮ್ಮನೂ ನಕ್ಕಳು, ಆದರೆ ಬಾಯಿಗೆ ಸೆರಗು ಅಡ್ಡ ಹಿಡಿದು. ಅಂದಿನಿಂದ ಆ ಸೆರಗು ಇಳಿಯಲೇ ಇಲ್ಲ. ನಗು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಅಜ್ಜಿಗೆ ತಡೆಯಲಾಗಲಿಲ್ಲ. "ಮನೆ ಬಿಕೋ ಅಂತದೆ ಕಣೇ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುದ್ರೆ ಹಿತ್ತಾಳೆ ಚೊಂಬೇ ಹೊಳೀತದೆ, ಹಲ್ಲು ಯಾವ ಲೆಕ್ಕ? ತಿಕ್ಕು."

ಚಿಕ್ಕಮ್ಮ ತಿಕ್ಕಿದಳು. ಬೆಳಗಾದರೆ ಬಚ್ಚಲಲ್ಲಿ ಒದ್ದೆ ಬೂದಿಯ ವಾಸನೆ. ಹಲ್ಲು ಕೊಂಚ ಬೆಳ್ಳಗಾಗಿ ಕಂಡಾಗ ಅಜ್ಜಿಯ ಸಂಭ್ರಮ ಹೇಳತೀರದು.

ಬೇಸಿಗೆ ರಜಕ್ಕೆ ಮತ್ತೆ ಹೋದೆ. ಮಾವಿನಕಾಯಿ ಹೋಳಿಗೆ ಉಪ್ಪುಖಾರ ಹಚ್ಚಿಕೊಂಡು ಜಗಲಿಯಲ್ಲಿ ಕೂತೆವು. ಒಂದು ಸಲ ಕಚ್ಚಿದ್ದೇ ತಡ, ಚಿಕ್ಕಮ್ಮ ಕೆನ್ನೆ ಹಿಡಿದುಕೊಂಡಳು. ಹುಳಿ ತಿಂದರೆ ಯಾರಿಗಾದರೂ ಹಲ್ಲು ಚಳಿಯುತ್ತದೆ. ಅವಳಿಗೆ ಮಡಕೆ ನೀರು ಕುಡಿದರೂ ಚುಳ್ ಎನ್ನುತ್ತಿತ್ತು, ಬಾಯಿ ತೆರೆದರೆ ಗಾಳಿ ಸೋಕಿಯೂ ನೋಯುತ್ತಿತ್ತು. ನಗುವಂತೂ ದೂರದ ಮಾತಾಯಿತು.

"ನಾನೇ ಕೈಯಾರೆ ಕೆಡಿಸ್ಬುಟ್ನಲ್ಲೇ ಮಗ," ಎಂದು ಅಜ್ಜಿ ಮಗಳನ್ನೂ ನನ್ನನ್ನೂ ಹೊರಡಿಸಿಕೊಂಡು ತುಮಕೂರಿನ ಹಲ್ಲಿನ ಡಾಕ್ಟರ ಹತ್ತಿರ ಬಂದಳು. ಆಸ್ಪತ್ರೆ ತುಂಬ ಲವಂಗದೆಣ್ಣೆಯ ವಾಸನೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು.

"ಹುಳಿ, ಬೂದಿ ಹಾಕಿ ತಿಕ್ಕಿ ಹಲ್ಲಿನ ಮೇಲ್ಪದರ ಸವೆದುಹೋಗಿದೆ. ಅದಕ್ಕೆ ಎನಾಮಲ್ ಅಂತೀವಿ," ಎಂದರು.

ಅಜ್ಜಿಯ ಮುಖ ಅರಳಿತು. "ಕಲಾಯಿ ಹೋಗ್ಬುಟ್ಟದೆ ಅನ್ನಿ! ಹಾಕ್ಬುಡಿ ತಾಯಿ. ಹುಳಿಸಾರು ಕಿಲುಬಬಾರ್ದು ಅಂತ ಪಾತ್ರೆ ಒಳಕ್ಕೆ ವರ್ಷವರ್ಷ ಹಾಕ್ಸಲ್ವ, ಹಂಗೆ."

ಡಾಕ್ಟರು ನಗು ನುಂಗಿಕೊಂಡರು. "ಸವೆದದ್ದು ಮತ್ತೆ ಬೆಳೆಯಲ್ಲ ಅಜ್ಜಿ. ಮುಂದಿನ ಹಲ್ಲುಗಳಿಗೆ ಹಲ್ಲಿನ ಬಣ್ಣದ್ದೇ ಲೇಪ ಕೊಡ್ತೀನಿ. ಮಿಕ್ಕಿದ್ದನ್ನ ನೀವೇ ಕಾಪಾಡ್ಕೋಬೇಕು. ಬೂದಿ ಬಿಟ್ಟು ಪೇಸ್ಟು, ಮೆತ್ತನೆ ಬ್ರಷ್ಷು. ಹುಳಿ ತಿಂದ ತಕ್ಷಣ ಉಜ್ಜಬೇಡಿ, ನೀರು ಮುಕ್ಕಳಿಸಿ ಸಾಕು."

ಲೇಪ ಹಾಕಿಸಿಕೊಂಡ ಮೇಲೂ ಚಿಕ್ಕಮ್ಮ ತುಟಿ ಬಿಚ್ಚಲಿಲ್ಲ. ಗುಬ್ಬಿ ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಪರಿಚಯದ ಹೆಂಗಸು, "ಏನಕ್ಕ, ತುಮ್ಕೂರ್‌ಗೆ ಬಂದಿದ್ಯಾ?" ಎಂದು ಕೇಳಿದಳು.

"ಮಗಳಿಗೆ ಕಲಾಯಿ ಹಾಕ್ಸ್ಕೊಂಡ್ ಬಂದೆ ಕಣವ್ವ!"

ಇಡೀ ಬಸ್ಸು ತಿರುಗಿ ನೋಡಿತು. ಚಿಕ್ಕಮ್ಮ ನನ್ನ ಮುಖ ನೋಡಿದಳು, ನಾನು ಅವಳದನ್ನು. ಸೆರಗಿಗೆ ಕೈ ಹೋಗುವಷ್ಟರಲ್ಲಿ ನಗು ಹೊರಗೆ ಬಿದ್ದೇಬಿಟ್ಟಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಂಡಕ್ಟರೂ ನಕ್ಕ. ಅಜ್ಜಿ ಮಾತ್ರ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೆ ಆಗ ಯಾಕೆಂದು ತಿಳಿಯಲಿಲ್ಲ.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಚಿಕ್ಕಮ್ಮ ಈಗ ಕುಣಿಗಲ್ಲಿನಲ್ಲಿದ್ದಾಳೆ. ಲೇಪ ಉದುರಿದಾಗಲೆಲ್ಲ ಸರಿಮಾಡಿಸಿಕೊಂಡು ಹಲ್ಲನ್ನು ಜೋಪಾನ ಮಾಡಿದ್ದಾಳೆ. ಮೊನ್ನೆ ಹೋದಾಗ ಫೋನಿನಲ್ಲಿ ಫೋಟೋ ತೆಗೆಯುತ್ತಾ, "ನಗು ಚಿಕ್ಕಮ್ಮ," ಎಂದೆ. ತುಟಿ ಬಿಚ್ಚಿದಳು. ಹಲ್ಲು ಅಷ್ಟೂ ಚೆಂದ ಕಂಡವು, ಸದ್ದು ಮಾತ್ರ ಬರಲಿಲ್ಲ.

"ಮೊದಲಿನ ಹಾಗೆ ಜೋರಾಗಿ ನಗೇ," ಎಂದು ಗೋಗರೆದೆ.

"ಹಂಗೆ ನಗ್ಸೋರು ಯಾರವ್ರೆ ಹೇಳು," ಎಂದಳು.